ಟೈರಿನ ನಡುವಿನ ನಂಬರ್

ಕೊರೊನಾ ಮುಗಿದ ಮರುವರ್ಷ ನಾನು ಶಹಾಬಾದಿನ ಒಂದು ಸಣ್ಣ ಟ್ರಾವೆಲ್ಸ್‌ನಲ್ಲಿ ವರ್ಕ್‌ಶಾಪ್ ಸೂಪರ್‌ವೈಸರ್ ಆಗಿದ್ದೆ. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ನಮ್ಮ ಕಾರುಗಳಿಗೆ ಬಿಡುವಿಲ್ಲದ ಓಡಾಟ. ಎಂಜಿನ್ನಿನಿಂದ ಹಿಡಿದು ಹಾರ್ನಿನವರೆಗೆ ಅವುಗಳ ಎಲ್ಲ ತಂಟೆಯೂ ನನ್ನ ತಲೆಗೆ.

ಒಂದು ಬೆಳಗ್ಗೆ ಮಾಲಕ ಶಿವಶರಣಪ್ಪನವರು ಕೆಂಡವಾಗಿ ಬಂದರು. ಚಾಲಕ ಸಾಯಬಣ್ಣ ದಿನವೂ ಚಿಂಚೋಳಿಗೆ ಹೋಗಿ ಬರುತ್ತಿದ್ದ. ದಾರಿ ಅದೇ, ಆದರೆ ಎರಡು ವಾರದಿಂದ ಮೀಟರ್ ಹೆಚ್ಚು ಕಿಲೋಮೀಟರ್ ತೋರಿಸುತ್ತಿತ್ತು. ಸಾಯಬಣ್ಣನ ಊರು ದಂಡೋತಿ, ಆ ದಾರಿಯ ಆಸುಪಾಸಿನಲ್ಲೇ. ಮಾಲಕರಿಗೆ ಇನ್ನೇನು ಬೇಕು?

"ನನ್ನ ಗಾಡಿ ತಗೊಂಡು ಊರಾಗ ತಿರಗಾಕತ್ತಾನ. ಇವತ್ತೇ ಚಾವಿ ಇಸ್ಕೊರ್ರಿ, ನಾಳಿಂದ ಬರಬ್ಯಾಡ ಅನ್ರಿ."

"ನನ್ನ ಮಗಳ ಆಣಿರಿ, ದಂಡೋತ್ಯಾಗ ಬ್ರೇಕ್ ಸುದಾ ತುಳದಿಲ್ರಿ" ಎಂದ ಅಲ್ಲೇ ನಿಂತಿದ್ದ ಸಾಯಬಣ್ಣ. ಕಳ್ಳ ಎಂಬ ಹೆಸರು ಹೊತ್ತು ಹೋದರೆ ಈ ಸುತ್ತಿನ ಯಾವ ಊರಲ್ಲಿ ಅವನಿಗೆ ಕಾರು ಕೊಡುತ್ತಾರೆ?

ಚಾವಿಗೆಂದು ಕಾರಿನ ಹತ್ತಿರ ಹೋದಾಗ ಅದು ಯಾಕೋ ಕುಳ್ಳಗೆ ಕಂಡಿತು. ಕುಕ್ಕರಗಾಲಲ್ಲಿ ಕೂತು ಟೈರಿನ ಮಗ್ಗುಲಿನ ಬರಹ ಓದಿದೆ: 165/65 R14. ಡಿಕ್ಕಿ ತೆಗೆದು ಹಳೆಯ ಸ್ಟೆಪ್ನಿ ನೋಡಿದೆ: 165/80 R14. ಮೈ ಜುಮ್ಮೆಂದಿತು!

165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. R ಎಂದರೆ ರೇಡಿಯಲ್; ಅದು ರೇಡಿಯಸ್ ಎಂದು ವಾದಿಸುವವರೊಂದಿಗೆ ನಾನು ಬೇಕಾದಷ್ಟು ಜಗಳವಾಡಿದ್ದೇನೆ. 14 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಯಾರೂ ಗಮನಿಸದ್ದು ನಡುವಿನ ನಂಬರ್: ಟೈರಿನ ಗೋಡೆಯ ಎತ್ತರ ಅದರ ಅಗಲದ ಶೇಕಡಾ ಎಷ್ಟು ಎಂಬುದು. 80 ಇದ್ದರೆ ಗೋಡೆ 132 ಮಿಲಿಮೀಟರ್, 65 ಇದ್ದರೆ 107. ಚಕ್ರ ಚಿಕ್ಕದಾದರೆ ಅದೇ ದಾರಿಗೆ ಹೆಚ್ಚು ಸುತ್ತು ತಿರುಗಬೇಕು, ಮೀಟರ್ ಎಣಿಸುವುದು ಸುತ್ತನ್ನೇ. ನೂರು ಕಿಲೋಮೀಟರ್ ಓಡಿದರೆ ಅದು ಸುಮಾರು ನೂರೊಂಬತ್ತು ಎನ್ನುತ್ತದೆ.

ಎರಡು ವಾರದ ಹಿಂದೆ ನಾನು ರಜೆಯಲ್ಲಿದ್ದಾಗ ನಾಲ್ಕೂ ಟೈರ್ ಬದಲಾಗಿದ್ದವು. ಹಾಕಿಸಿದವರು ಸ್ವತಃ ಮಾಲಕರೇ!

"ಹದಿನಾಲ್ಕರ ಟೈರ್ ಕೇಳಿದ್ದೆ, ಅಂಗಡ್ಯಾಂವ ಹದಿನಾಲ್ಕರದ್ದೇ ಕೊಟ್ಟಾನಲ್ಲ?" ಎಂದರು.

"ಬರ್ರಿ ಮಾಲಕ್ರ, ಗಾಡ್ಯಾಗ ಕುಂದ್ರಿ" ಎಂದೆ. ಸ್ಟೇರಿಂಗ್ ಸಾಯಬಣ್ಣನ ಕೈಗೇ ಕೊಟ್ಟೆ. ಸೇಡಂ ರಸ್ತೆಯ ಒಂದು ಕಿಲೋಮೀಟರ್ ಕಲ್ಲಿನ ಬಳಿ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಹೊರಟೆವು. ಮುಂದಿನ ಒಂದೊಂದು ಕಲ್ಲನ್ನೂ ನಾನು ಗಟ್ಟಿಯಾಗಿ ಎಣಿಸಿದೆ. ಹತ್ತು ಕಿಲೋಮೀಟರ್ ಮುಗಿಸಿ ಕಲ್ಲಿನ ಎದುರು ನಿಂತಾಗ ಮೀಟರಿನಲ್ಲಿ 10.8! ನಾನು ಡ್ಯಾಶ್‌ಬೋರ್ಡ್ ಬಡಿದು ಕೂಗಿಯೇಬಿಟ್ಟೆ. ಮಾಲಕರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಆತು ಬಿಡಪ್ಪ ಸಾಯಬಣ್ಣ. ನಾಳಿ ಡ್ಯೂಟಿಗಿ ಬಾ."

ಸಾಯಬಣ್ಣ ಎಂಜಿನ್ ಬಂದ್ ಮಾಡಿದ. ಅವರ ಕಡೆ ತಿರುಗಿ, ದನಿ ಏರಿಸದೆ ಹೇಳಿದ: "ಬರ್ತೀನ್ರಿ ಮಾಲಕ್ರ. ಆದ್ರ ಮೀಟರ್ ಹೆಚ್ಚಿಗಿ ತೋರಿಸಿದಾಗ ನನ್ನ ಊರು ಯಾವ್ದು ಅಂತ ನೋಡಿದ್ರಿ. ಗಾಡಿ ನೋಡ್ಲಿಲ್ರಿ."

ಅಲ್ಲಿಂದ ನಿವೃತ್ತಿಯವರೆಗೂ, ಚಾಲಕನ ಮೇಲೆ ದೂರು ಬಂದಾಗಲೆಲ್ಲ ಅವನನ್ನು ಕರೆಸುವ ಮೊದಲು ನಾನು ಹೋಗಿ ಅವನ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೇನೆ.