ಇಲ್ಲದ ಫೆರಿಯ ದಾರಿ ಅಳಿಸುವ ಗುನ್ವೋರ್

ಬೆಟ್ಟದ ಹಿಂದೆ ಆಕಾಶ ಈಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿದೆ. ಸ್ಕಾರ್ವಿಕ್ ಮೀನು ಕಾರ್ಖಾನೆಯ ಅಂಗಳದಲ್ಲಿ ಯಾರದೋ ಹಳೆಯ ಕಾರಿನೊಳಗೆ ಗುನ್ವೋರ್ ಲೈಕ್ನೆಸ್ ಕುಳಿತಿದ್ದಾರೆ. ಒಂದು ಕಾಲು ಒಳಗಿದೆ, ಇನ್ನೊಂದು ಹೊರಗೆ ಹಿಮದ ಮೇಲಿದೆ. ಬ್ಯಾಟರಿ ಇಳಿಯದಿರಲೆಂದು ಕಾರ್ಖಾನೆಯ ಗೋಡೆಯಿಂದ ಎಳೆದ ವೈರು ಬಾನೆಟ್ಟಿನ ಕೆಳಗೆ ನುಗ್ಗಿದೆ. ಸ್ಟೀರಿಂಗ್ ಪಕ್ಕದ ಪರದೆಯ ಮೇಲೆ ಬಿಳಿಯ ಗೆರೆಯೊಂದು ಬಸವನಹುಳುವಿನಂತೆ ತೆವಳುತ್ತಿದೆ. ದಾರಿ ತೋರಿಸುವ ಹೊಸ ನಕ್ಷೆ ಇಳಿಯುತ್ತಿದೆ.

ಕಾರಿನ ಒಡೆಯ ವೀತೆನಿಸ್ ಹೊರಗೆ ನಿಂತು ಚಳಿಗೆ ಕಾಲು ಕುಟ್ಟುತ್ತಿದ್ದಾನೆ. ಕಾಡ್ ಮೀನಿನ ಹಂಗಾಮಿಗೆಂದು ಲಿಥುವೇನಿಯಾದಿಂದ ಕಾರಿನಲ್ಲೇ ಬಂದವನು.

"ಇನ್ನೂ ಎಷ್ಟೊತ್ತು? ನಂಗೆ ಹಾಡು ಬಂದ್ರೆ ಸಾಕು ಗುನ್ವೋರ್. ದಾರಿ ಗೊತ್ತು."

"ಎಲ್ರೂ ಹಂಗೇ ಅನ್ನೋದು. ವೈರು ತುಳೀಬೇಡ ಮಾರಾಯ. ಅರ್ಧದಲ್ಲಿ ನಿಂತ್ರೆ ಪರದೆ ಕಪ್ಪಾಗಿ ಕೂತ್ಬಿಡತ್ತೆ. ಆಮೇಲೆ ಹಾಡೂ ಇಲ್ಲ, ದಾರೀನೂ ಇಲ್ಲ."

ಗುನ್ವೋರ್‌ಗೆ ಈಗ ಐವತ್ತೆಂಟು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರ ಕೆಲಸ. ಅದು ಶುರುವಾಗುವ ಮೊದಲು, ದಿನಕ್ಕೊಂದು, ಹೆಚ್ಚೆಂದರೆ ಎರಡು ಕಾರುಗಳ ನಕ್ಷೆ ಹೊಸತು ಮಾಡಿ ಕೊಡುತ್ತಾರೆ. ಇದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ.

ಕ್ಯಾಂಟೀನಿಗೆ ಸೇರುವ ಮುಂಚೆ ಅವರು ಲೈರ್ವೋಗ್‌ನ ವಾಹನಗಳನ್ನು ಆಚೆ ದಡಕ್ಕೆ ದಾಟಿಸುವ ಫೆರಿಯಲ್ಲಿ ಡೆಕ್ಕಿನ ಕೆಲಸ ಮಾಡುತ್ತಿದ್ದರು. ಕಿತ್ತಳೆ ಬಣ್ಣದ ಕೋಟು ತೊಟ್ಟು, ಕೈಸನ್ನೆಯಲ್ಲೇ ಲಾರಿಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸುವುದು. ಫ್ಯೋರ್ಡಿಗೆ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿಗೆ, ಸೇತುವೆ ಬಂತು, ಫೆರಿ ನಿಂತಿತು. ಫೆರಿ ಬಂದು ನಿಲ್ಲುತ್ತಿದ್ದ ಧಕ್ಕೆಯ ಮೇಲಿನ ಮನೆಯಲ್ಲಿ ಗುನ್ವೋರ್ ಉಳಿದರು. ಊರವರಿಗೆಲ್ಲ ಫೆರಿ ಇಲ್ಲವೆಂದು ಗೊತ್ತಿತ್ತು. ದೂರದಿಂದ ಬರುವ ಕಾರುಗಳ ಪರದೆಗೆ ಮಾತ್ರ ಗೊತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಅಕ್ಟೋಬರಿನ ಒಂದು ಮುಂಜಾನೆ. ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಧಕ್ಕೆಗೆ ಅಡ್ಡ ಹಾಕಿದ್ದ ಕಂಬವನ್ನು ಹಿಂದಿನ ರಾತ್ರಿಯ ಬಿರುಗಾಳಿ ಕಿತ್ತೊಯ್ದಿತ್ತು.

"ಕಾಫಿಗೆ ನೀರಿಟ್ಟಿದ್ದೆ. ಯಾವ್ದೋ ವ್ಯಾನ್ ಇಳಿಜಾರು ಇಳಿಯೋ ಸದ್ದು ಕೇಳಿಸ್ತು. ಬ್ರೇಕ್ ಹಾಕೋ ಸದ್ದು ಬರುತ್ತೆ ಅಂತ ಕಾದೆ, ಬರ್ಲೇ ಇಲ್ಲ. ಚಪ್ಪಲಿನೂ ಹಾಕದೆ ಓಡ್ದೆ" ಎಂದು ಗುನ್ವೋರ್ ನನಗೆ ಹೇಳುತ್ತಾರೆ.

ಗೋಡೆಗೆ ತೂಗಿದ್ದ ಫೆರಿಯ ಕಾಲದ ಜೀವರಕ್ಷಕ ತೇಲುಬಳೆಯನ್ನು ಎಸೆದು, ನೀರಿಗೆ ಬಿದ್ದ ವ್ಯಾನಿನ ಕಿಟಕಿಯಿಂದ ಹೊರಬಂದಿದ್ದ ಹೆಂಗಸನ್ನು ಎಳೆದು ದಡಕ್ಕೆ ತಂದರು. ಅವಳ ಹೆಸರು ದೈವಾ. ಅವಳ ಗಂಡ ರಿಮಾಸ್ ಹೊರಬರಲಿಲ್ಲ. ಗುನ್ವೋರ್ ನೀರಿಗಿಳಿದರು, ಎದೆಮಟ್ಟ ಹೋದರು, ಮುಳುಗಿ ತಡಕಿದರು. ಮಧ್ಯಾಹ್ನ ಮುಳುಗು ತಜ್ಞರು ಅವನನ್ನು ಮೇಲೆ ತಂದರು. ಇಬ್ಬರೂ ಇದೇ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಲೆಂದು ಬರುತ್ತಿದ್ದವರು.

ಅದೇ ವಾರ ಧಕ್ಕೆಗೆ ಅಡ್ಡವಾಗಿ ಬಂಡೆಗಳನ್ನು ತಂದಿಟ್ಟರು. ಆದರೂ ಕಾರುಗಳು ಬರುತ್ತಲೇ ಇದ್ದವು. ಮಂಜುಗಡ್ಡೆಯ ಇಳಿಜಾರಿನಲ್ಲಿ ಜಾರಿ ಬಂಡೆಗೆ ಬಡಿದವೂ ಇದ್ದವು. ಆ ಚಳಿಗಾಲವಿಡೀ ಗುನ್ವೋರ್ ಹಳೆಯ ಕಿತ್ತಳೆ ಕೋಟು ತೊಟ್ಟು ದಾರಿ ಕವಲೊಡೆಯುವಲ್ಲಿ ನಿಂತು ಕಾರುಗಳನ್ನು ಹಿಂದಕ್ಕೆ ಕಳಿಸಿದರು. ಕಾರಿನ ಗಾಜು ಇಳಿಸಿ "ನಿಂಗೇನು ಗೊತ್ತಮ್ಮಾ, ಇದು ನೇರ ಹೋಗು ಅಂತಿದೆ" ಎಂದು ವಾದಿಸಿದವರಿದ್ದರು.

ನಕ್ಷೆ ತಯಾರಿಸುವ ಕಂಪನಿಗೆ ಬರೆದರು. ಯಂತ್ರ ಬರೆದ ಧನ್ಯವಾದಗಳಷ್ಟೇ ಬಂದವು. ಬಿಡದೆ ಫೋನು ಮಾಡಿ ಮಾಡಿ, ಕೊನೆಗೆ ಹೋವರ್ಡ್ ಎಂಬ ನಕ್ಷೆಗಾರ ಸಿಕ್ಕ. ವಿಷಯವೆಲ್ಲ ಕೇಳಿಸಿಕೊಂಡ. ಆಮೇಲೆ ಹೇಳಿದ: "ಆ ದಾರೀನ ಇವತ್ತೇ ಅಳಿಸ್ತೀನಿ. ಆದ್ರೆ ಈಗಾಗ್ಲೇ ಕಾರುಗಳ ಒಳಗೆ ಕೂತಿರೋ ನಕ್ಷೆ ನನ್ನ ಕೈಲಿಲ್ಲ ಗುನ್ವೋರ್. ಅದನ್ನ ಕಾರಿನೋರೇ ಬದಲಾಯಿಸ್ಕೋಬೇಕು. ಯಾರೂ ಬದಲಾಯಿಸ್ಕೊಳ್ಳಲ್ಲ."

"ಹಂಗಾದ್ರೆ ನಂಗೆ ಹೇಳಿಕೊಡು" ಎಂದರು ಗುನ್ವೋರ್. ಅವನು ಫೋನಿನಲ್ಲೇ ಕಲಿಸಿದ. ಒಂದೊಂದು ಕಾರಿನದು ಒಂದೊಂದು ರೀತಿ. ಮೊದಲ ತಿಂಗಳಲ್ಲಿ ಮೀನುಗಾರನೊಬ್ಬನ ಪರದೆಯನ್ನು ಪೂರ್ತಿ ಕೆಡಿಸಿ, ರೇಡಿಯೋ ಕೂಡ ಇಲ್ಲದ ಹಾಗೆ ಮಾಡಿದ್ದೂ ಉಂಟು. ಅವನು ಇವತ್ತಿಗೂ ಕ್ಯಾಂಟೀನಿನಲ್ಲಿ, "ಏನಾದ್ರೂ ಹಾಡು ಹೇಳು ಗುನ್ವೋರ್, ನನ್ನ ಕಾರಂತೂ ಹಾಡಲ್ಲ" ಎಂದು ಕಾಡುತ್ತಾನೆ.

ಹೊಸ ನಕ್ಷೆಯೇ ಸಿಗದಷ್ಟು ಹಳೆಯ ಕಾರುಗಳೂ ಬರುತ್ತವೆ. ಅವುಗಳಲ್ಲಿ 'ಫೆರಿ ದಾರಿ ಬೇಡ' ಎಂಬ ಆಯ್ಕೆ ಒತ್ತಿ ಕೊಡುತ್ತಾರೆ. ಪ್ರತಿಫಲವಾಗಿ ಯಾರಾದರೂ ಒಂದು ದೋಸೆಯಂಥ ವಾಫಲ್ ತಂದು ಕೊಡುತ್ತಾರೆ, ಮೇಲೊಂದು ಚೂರು ಕಂದು ಚೀಸ್ ಇಟ್ಟು.

ದೈವಾ ಊರಿಗೆ ಮರಳಿದ್ದಳು. ಈ ಜನವರಿಯಲ್ಲಿ ಮತ್ತೆ ಬಂದಳು, ಒಬ್ಬಳೇ, ತಾನೇ ಕಾರು ನಡೆಸಿಕೊಂಡು. ಕಾರ್ಖಾನೆಯಲ್ಲಿ ಮೀನು ಸೀಳುವ ಸಾಲಿನಲ್ಲಿ ಈಗ ಅವಳಿಗೆ ಕೆಲಸ. ಬಂದ ಎರಡನೆಯ ಬೆಳಿಗ್ಗೆ ಅಂಗಳದ ಸರದಿಯಲ್ಲಿ ಅವಳ ಕಾರೂ ನಿಂತಿತ್ತು.

"ಏನೂ ಕೇಳ್ಲಿಲ್ಲ ನಾನು. ಕೂತೆ, ನಕ್ಷೆ ಹಾಕ್ದೆ. ಕೊನೇಲಿ ಪರೀಕ್ಷೆಗೆ ಅಂತ ದಾರಿ ಹೇಳೋ ದನಿ ಹೊರಡುತ್ತಲ್ಲ, ಆಗ ಅವಳು ನನ್ನ ಕೈ ಹಿಡ್ಕೊಂಡ್ಳು. 'ದನಿ ಬೇಡ. ಅವತ್ತು ಇದೇ ದನಿ ನೇರ ಹೋಗಿ ಅಂದಿದ್ದು' ಅಂದ್ಳು. ದನಿ ನಿಲ್ಲಿಸ್ದೆ. ಬಾಣದ ಗುರುತು ಮಾತ್ರ ಬಿಟ್ಟೆ. ಆಮೇಲೆ ಕಾರ್ಖಾನೆ ಗಂಟೆ ಹೊಡೀತು, ಇಬ್ರೂ ಒಳಗೆ ಹೋದ್ವಿ."

ರಿಮಾಸ್‌ನ ವಿಷಯ ಮಾತಾಡಿದಿರಾ ಎಂದು ಕೇಳುತ್ತೇನೆ. ಗುನ್ವೋರ್ ತಲೆಯಾಡಿಸುತ್ತಾರೆ, ಇಲ್ಲವೆಂದು. "ನಂಗೆ ಅವನು ಸಿಗ್ಲಿಲ್ಲ ಅಂತ ಅವಳಿಗೆ ಗೊತ್ತು. ನಾನು ಹುಡುಕ್ದೆ ಅಂತಾನೂ ಗೊತ್ತು" ಎನ್ನುತ್ತಾರೆ.

ವೀತೆನಿಸ್‌ನ ಪರದೆ ಬೆಳಗುತ್ತದೆ. ಅವನಿಗೆ ಬೇಕಾದ ಹಾಡೂ ಬರುತ್ತದೆ, ಅಂಗಳವೆಲ್ಲ ಕೇಳುವಷ್ಟು ಜೋರಾಗಿ. ಗುನ್ವೋರ್ ವೈರು ಸುತ್ತುತ್ತಾ, ಹೋದ ವಾರ ಪೆಟ್ರೋಲ್ ಬಂಕಿನಲ್ಲಿ ನಡೆದದ್ದನ್ನು ಹೇಳುತ್ತಾರೆ. ಕಾಫಿಯ ಸಾಲಿನಲ್ಲಿ ಅವರ ಮುಂದೆ ಹೊರ ದೇಶದವನೊಬ್ಬ ನಿಂತಿದ್ದ. ಲೈರ್ವೋಗ್‌ನ ಆಚೆ ದಡಕ್ಕೆ ಹೊರಟಿದ್ದೇನೆ ಎಂದನಂತೆ. ಕೌಂಟರಿನ ಹುಡುಗಿ, ಅಲ್ಲಿ ಫೆರಿ ಇಲ್ಲ, ಜೋಕೆ ಎಂದಳು.

"'ಗೊತ್ತು, ಕಾರೇ ಹೇಳ್ತು, ಸೇತುವೆ ಮೇಲೆ ಹೋಗ್ಬೇಕಂತೆ' ಅಂದ. ಕಾಫಿ ತಗೊಂಡು ನನ್ನ ಪಕ್ಕದಲ್ಲೇ ಹೋದ. ನನ್ನ ಮುಖಾನೂ ನೋಡ್ಲಿಲ್ಲ." ಗುನ್ವೋರ್ ಮೊದಲ ಸಲ ನಗುತ್ತಾರೆ. "ನೋಡೋ ಅಗತ್ಯಾನೇ ಇರ್ಲಿಲ್ವಲ್ಲ."