ಹಿತ್ತಲ ಪೆಟ್ಟಿಗೆಯ ಹಾಲಕ್ಕಿ

ಒಣಗಿದ ಇಲಿಗೂದಲಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಅಮ್ಮ ಹೋದ ಹದಿನೈದು ದಿನಕ್ಕೆ ಅವಳ ಮಂಚದಡಿಯ ಮರದ ಪೆಟ್ಟಿಗೆಯನ್ನು ಎಳೆದಾಗ ಅದೇ ವಾಸನೆ ಬಂತು. ಅಪ್ಪ ದೆಹಲಿಗೆ ವರ್ಗವಾದಾಗ ಪಾತ್ರೆ ತುಂಬಿಕೊಂಡು ಬಂದ ಪೆಟ್ಟಿಗೆ ಅದು. ಗಿಳಿ ಗೂಡು ಮಾಡಲಿ ಎಂದು ತೂತು ಕೊರೆದು, ಸರ್ಕಾರಿ ಕ್ವಾರ್ಟರ್ಸಿನ ಹಿತ್ತಲ ಬೇವಿನ ಮರಕ್ಕೆ ಕಟ್ಟಿದ್ದರು. ಬಂದದ್ದು ಹಾಲಕ್ಕಿ, ಗೇಣುದ್ದದ ಚುಕ್ಕೆ ಗೂಬೆ.

ದೀಪಾವಳಿಯ ಹಿಂದಿನ ದಿನದ ಆ ಸಂಜೆಯೇ ನಮ್ಮ ಕೊನೆಯ ಮಾಮೂಲಿ ಸಂಜೆ. ಗೂಬೆ ಕಕ್ಕಿದ ಬೂದು ಉಂಡೆಗಳನ್ನು ಅಮ್ಮ ಹಳೆ ಪೇಪರಿನಲ್ಲಿ ಬಾಚುತ್ತಿದ್ದಳು. ಕೂದಲು, ಪುಟ್ಟ ಹಲ್ಲುಗಳು, ಜಿರಳೆಯ ರೆಕ್ಕೆ. "ಥೂ, ಅಸಹ್ಯ," ಎನ್ನುತ್ತಲೇ ಕಡ್ಡಿಯಿಂದ ಬಿಡಿಸಿ ನೋಡಿದಳು. "ಎರಡು ಇಲಿ ತಿಂದಿದಾಳೆ ಕಣೇ. ಊಟದಲ್ಲಿ ನಿನಗಿಂತ ವಾಸಿ." ಆಮೇಲೆ ಮೂರು ಸಲ ಕೈ ತೊಳೆದು, ಎಂದಿನಂತೆ ಅಡುಗೆಮನೆಯಿಂದ ಕೇಳಿದಳು, "ಬಂದ್ಲೇನೇ?" ತೂತಿನಲ್ಲಿ ಹಳದಿ ಕಣ್ಣು ಕಂಡಿತು. "ಆ ಗಯೀ, ಅಮ್ಮ!" ಎಂದೆ.

ಮೇಲಿನ ಮನೆಯ ಆಂಟಿ ಬಾಲ್ಕನಿಯಿಂದ ಬಗ್ಗಿ, "ಉಲ್ಲೂ ಮನ್‌ಹೂಸ್ ಹೋತಾ ಹೈ, ಭಾಭೀಜಿ," ಎಂದರು. ಗೂಬೆ ಅಪಶಕುನ, ಓಡಿಸಿಬಿಡಿ ಎಂದು. ಅಮ್ಮನಿಗೆ ರೇಗಿತು. "ನಹೀಂ ಜಿ! ಲಕ್ಷ್ಮೀ ಕಾ ವಾಹನ ಹೈ," ಎಂದಳು ತನ್ನ ಮುರುಕು ಹಿಂದಿಯಲ್ಲಿ. ಇವಳು ಬಂದ ವರ್ಷವೇ ನಮ್ಮವರಿಗೆ ಪ್ರಮೋಷನ್ ಆಯಿತು ಎಂದೂ ಸೇರಿಸಿದಳು. "ಅಚ್ಛಾ?" ಎಂದ ಆಂಟಿ ಪೆಟ್ಟಿಗೆಯನ್ನೇ ನೋಡುತ್ತ ನಿಂತರು.

ದೀಪಾವಳಿಯ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ಕಿತ್ತು ನೇತಾಡುತ್ತಿತ್ತು, ಒಳಗೆ ಗೂಬೆ ಇರಲಿಲ್ಲ. ಮರುದಿನ ಮೇಲಿನ ಮನೆಯವರ ಕಸದ ಬುಟ್ಟಿಯಲ್ಲಿ ಸಿಂಧೂರ ಮೆತ್ತಿದ ಚುಕ್ಕೆ ಗರಿಗಳಿದ್ದವು, ಕೆಂಪು ದಾರ ಸುತ್ತಿದ ಒಂದು ಕಾಲಿತ್ತು. ಲಕ್ಷ್ಮಿ ಒಲಿಯಲೆಂದು ದೀಪಾವಳಿ ರಾತ್ರಿ ಗೂಬೆಯನ್ನು ಬಲಿ ಕೊಡುವವರೂ ಇದ್ದಾರೆ. ಗೂಬೆಯ ಉಂಡೆಗಳಿಗೆ ಎಂದೂ ಬಾರದ ವಾಂತಿ ನನಗೆ ಮೆಟ್ಟಿಲ ಬಳಿಯೇ ಬಂತು. ಮಧ್ಯಾಹ್ನ ಆಂಟಿ ಸ್ಟೀಲ್ ಡಬ್ಬಿಯಲ್ಲಿ ಬರ್ಫಿ ತಂದರು. "ಮುಂಹ್ ಮೀಠಾ ಕೀಜಿಯೇ!" ಬಾಯಿ ಸಿಹಿ ಮಾಡಿಕೊಳ್ಳಿ ಎಂದು. ಅವರ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. ಅಮ್ಮ ಬರ್ಫಿಯನ್ನು ಬಚ್ಚಲಿಗೆ ಸುರಿದು, ಡಬ್ಬಿ ತೊಳೆದಳು. ನಮ್ಮಲ್ಲಿ ಯಾರ ಡಬ್ಬಿಯನ್ನೂ ಖಾಲಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆ ಹಾಕಿ ಮೇಲೆ ಹೋಗಿ ಕೊಟ್ಟು ಬಂದಳು.

"ಅವರಿಗೆ ಸಕ್ಕರೆ ಕೊಟ್ಟೆಯಾ? ಛೀ!"

"ಹೇಳಿಕೊಟ್ಟವಳು ನಾನೇ ಅಲ್ವೇನೇ," ಎಂದಳು. ದನಿ ಏರಲಿಲ್ಲ.

ಆಂಟಿಯ ಮೇಲಿನ ಹೇಸಿಗೆಯಲ್ಲಿ ಒಂದು ಪಾಲು ಅಮ್ಮನ ಮೇಲೂ ಬಿತ್ತು. ಅಂದಿನಿಂದ ಅವಳು ಕೈತುತ್ತು ಕೊಡಲು ಬಂದರೆ ಮುಖ ತಿರುಗಿಸುತ್ತಿದ್ದೆ. ಕೆಲವು ದಿನ ನೋಡಿ ಅವಳೂ ಬಿಟ್ಟಳು. ಆ ವಿಷಯ ನಾವು ಮತ್ತೆ ಎತ್ತಲೇ ಇಲ್ಲ. ನಿಮ್ಮ ಮನೆಗಳಲ್ಲೂ ಇಂಥ ಎತ್ತದ ಮಾತೊಂದು ಉಳಿದಿರಬಹುದು.

ಪೆಟ್ಟಿಗೆಯೊಳಗೆ ಹಳದಿಯಾದ ಪೇಪರಿನ ಪೊಟ್ಟಣವಿತ್ತು. ಬಿಚ್ಚಿದರೆ ಒಂದು ಬೂದು ಉಂಡೆ, ಆ ಸಂಜೆಯದು. ಮುಟ್ಟಿದರೆ ಮೂರು ಸಲ ಕೈ ತೊಳೆಯುತ್ತಿದ್ದವಳು ಅದನ್ನು ಮನೆಯಿಂದ ಮನೆಗೆ ಹೊತ್ತು, ಇಷ್ಟು ವರ್ಷ ತಾನು ಮಲಗುವ ಮಂಚದ ಕೆಳಗೆ ಇಟ್ಟುಕೊಂಡಿದ್ದಳು.

ಆ ಕ್ವಾರ್ಟರ್ಸನ್ನೂ ಬೇವಿನ ಮರವನ್ನೂ ಕೆಡವಿಯಾಗಿದೆ. ಪೆಟ್ಟಿಗೆಯನ್ನು ನೋಯ್ಡಾದ ಈ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟಿದ್ದೇನೆ. ಸಂಜೆ ಅದರ ಮುಂದೆ ಕೂರುತ್ತೇನೆ. ಅಡುಗೆಮನೆಯಿಂದ "ಬಂದ್ಲೇನೇ?" ಎಂದು ಕೇಳುವವರಿಲ್ಲ.