ಬೆಳವಣಕಿಯ ಗ್ಯಾಂಗಿಗೊಂದು ರಜಾ ಚೀಟಿ

ಹುಬ್ಬಳ್ಳಿಯಿಂದ ನರಗುಂದಕ್ಕೆ ಬಸ್ಸು ಒಂದೂವರೆ ತಾಸು ತೆಗೆದುಕೊಂಡಿತು. ಜುಲೈ ತಿಂಗಳ ಮೋಡ ತಲೆಯ ಮೇಲೆಯೇ ಇತ್ತು, ಮಳೆ ಮಾತ್ರ ಇರಲಿಲ್ಲ. ಗಾಳಿಗೆ ಕಿಟಕಿಯ ಗಾಜು ದಾರಿಯುದ್ದಕ್ಕೂ ಗಡಗಡ ಆಡಿತು. ಪಕ್ಕದಲ್ಲಿದ್ದ ಫರೀದಾಬಾನು ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದರು. ನಾನು ರೊಕ್ಕ ಕೊಟ್ಟೆ.

"ಒಂದರಾಗರ ನಮಗ ಸಲೀಸಾತು ನೋಡ್ರಿ ಸರ," ಎಂದರು.

ಫರೀದಾಬಾನು ಗಜೇಂದ್ರಗಡದವರು. ಹುಬ್ಬಳ್ಳಿಯ ಮಗಳ ಮನೆಗೆ ಬಂದವರು ನನ್ನನ್ನು ಕರೆದುಕೊಂಡು ಹೊರಟಿದ್ದರು. ಮೂವತ್ತು ವರ್ಷ ಸರ್ಕಾರಿ ನರ್ಸ್ ಆಗಿದ್ದವರು, ನಿವೃತ್ತರಾದ ಮೇಲೆ ಕೂಲಿಯ ಹೆಂಗಸರಿಗೂ ಹೆರಿಗೆ ರಜೆ, ಮುಟ್ಟಿನ ರಜೆ, ಸರಿಯಾದ ಚಿಕಿತ್ಸೆ ಸಿಗಬೇಕೆಂದು ಮೂರು ತಾಲ್ಲೂಕು ತಿರುಗುತ್ತಿದ್ದಾರೆ. ನಾನು ಅರ್ಥಶಾಸ್ತ್ರ ಓದಿ ಅವರಿವರಿಗೆ ಸಮೀಕ್ಷೆ ಮಾಡಿಕೊಡುವವನು. ಹಾಜರಿ ಪುಸ್ತಕವೇ ಇಲ್ಲದ ಕೆಲಸದಲ್ಲಿ ರಜೆ ಎಂದರೇನು ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಬಂದು ನೋಡ್ರಿ" ಎಂದಿದ್ದರು.

ನರಗುಂದದ ತಾಲ್ಲೂಕು ಕಚೇರಿಯಲ್ಲಿ ನಲವತ್ತು ಹೆಂಗಸರು ರಜೆಯ ಮನವಿ ಕೊಡಲು ಸೇರಿದ್ದರು. ಖಾನಾವಳಿಯವರು, ಅಂಗಡಿಯವರು, ಹೊಲದ ಕೂಲಿಯವರು. ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು. ರಜೆ ಕೊಡಬೇಕಾದ ನಿಮ್ಮ ಮಾಲೀಕರು ಯಾರು ಎಂದು ಹೊಲದ ಕೂಲಿಯವರನ್ನು ಕೇಳಿದರು.

"ದಿನಾ ಒಬ್ಬೊಬ್ಬರು ಇರ್ತಾರ್ರಿ," ಎಂದಳು ಒಬ್ಬಳು. ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕು ಮನವಿ ಇಟ್ಟುಕೊಂಡರು. ನನ್ನ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಬಸ್ ನಿಲ್ದಾಣದ ಎದುರು ಗಿರಮಿಟ್ಟು, ಮಿರ್ಚಿ ತಿಂದು ರೋಣದ ಬಸ್ಸು ಹತ್ತಿದೆವು.

ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡ ತಲುಪಿದಾಗ ಸಂಜೆ. ಫರೀದಾಬಾನು ಚಹಾಕ್ಕೆ ಇಟ್ಟರು. ಕುಡಿಯುವ ಮೊದಲೇ ಬೆಳವಣಕಿಯಿಂದ ಫೋನು ಬಂತು. ಅವರ ಪರಿಚಯದ ಗಂಗವ್ವ ಸೋಮವಾರ ಗರ್ಭಚೀಲ ತೆಗೆಸಿಕೊಳ್ಳಲು ಹೊರಟಿದ್ದಾಳೆ ಎಂದು ಅಲ್ಲಿಯ ಯಾರೋ ತಿಳಿಸಿದರು. ಅಂದು ಗುರುವಾರ. ಫರೀದಾಬಾನು ಆರಿದ ಚಹಾವನ್ನೇ ಕುಡಿದರು.

ಶುಕ್ರವಾರ ಬೆಳಿಗ್ಗೆ ಬೆಳವಣಕಿಗೆ ಹೋದೆವು. ಕೂಲಿಯವರನ್ನು ತಂದಿದ್ದ ಟಂಟಂ ಆಟೋ ದಾರಿಯಲ್ಲಿ ನಿಂತಿತ್ತು, ಹೆಂಗಸರ ಗ್ಯಾಂಗು ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತಿತ್ತು. ಹಿಂದಿನ ವಾರದ ಮಳೆಗೆ ನೆನೆದ ಎರೆಮಣ್ಣಿನ ಹಸಿ ಇನ್ನೂ ಆರಿರಲಿಲ್ಲ, ಹತ್ತು ಹೆಜ್ಜೆಗೆ ನನ್ನ ಚಪ್ಪಲಿ ತೂಕವಾದವು. ಅವರ ನಡುವೆಯೇ ಇದ್ದ ಗಂಗವ್ವನಿಗೆ ಮೂವತ್ತೊಂದು ವಯಸ್ಸು, ಇಬ್ಬರು ಮಕ್ಕಳು. ತಿಂಗಳಿಗೆ ಎಂಟು ದಿನ ರಕ್ತ ಹೋಗುತ್ತದೆ. ದೂರದ ಊರಿನ ಖಾಸಗಿ ದವಾಖಾನೆಯೊಂದರಲ್ಲಿ, ತೆಗೆಸದಿದ್ದರೆ ಮುಂದೆ ಕ್ಯಾನ್ಸರ್ ಆದೀತು ಎಂದಿದ್ದಾರೆ.

"ಅದಕ್ಕ ಅಂಜಿ ತಗಸ್ತೀ ಏನು?" ಎಂದು ಫರೀದಾಬಾನು ಕೇಳಿದರು.

"ಅದಕ್ಕಷ್ಟ ಅಲ್ರಿ ಬಾಯಾರ. ತಿಂಗಳಾ ಮೂರ ದಿನ ನನಗ ಏಳಾಕ ಆಗೂದಿಲ್ಲ. ಟಂಟಂನ್ಯಾಗ ಹದಿನಾಕ ಮಂದಿಗೆ ಜಾಗಾ. ತಪ್ಪಿದಾಕಿ ಜಾಗಾದಾಗ ಮತ್ತೊಬ್ಬಾಕಿ ಕುಂದ್ರತಾಳ, ಕುಂತಾಕಿ ಏಳೂದಿಲ್ಲ. ತಗಸಿದ್ರ ಒಮ್ಮೆಗೇ ಮುಗೀತೈತಿ."

"ಮುಗಿಯೂದಿಲ್ಲವಾ. ಈ ವಯಸ್ಸಿನ್ಯಾಗ ತಗಸಿದ್ರ ಆಮ್ಯಾಲ ಬ್ಯಾರೆ ತ್ರಾಸ ಚಾಲೂ ಆಗ್ಬಹುದು. ತಗಸಬ್ಯಾಡ ಅನ್ನಾಕ ನಾ ಬಂದಿಲ್ಲ. ನಾಳೆ ರೋಣಕ್ಕ ಬಾ, ಇನ್ನೊಬ್ಬರಿಗೆ ತೋರ್ಸು. ಆಮ್ಯಾಲ ನೀನ ಹೇಳು."

ಗ್ಯಾಂಗಿನ ಮುಂದಾಳು ನೀಲವ್ವ ಕುರ್ಪಿ ಕೆಳಗಿಟ್ಟು ಬಂದಳು. ಇಡೀ ಹೊಲದ ಕಳೆಯನ್ನು ಇಷ್ಟು ರೊಕ್ಕಕ್ಕೆ ಎಂದು ಗುತ್ತಿಗೆ ಹಿಡಿದು ಪಾಲು ಹಂಚಿಕೊಳ್ಳುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಬ್ಬಳು ಬರದಿದ್ದರೆ ಹದಿಮೂರು ಮಂದಿ ಹದಿನಾಲ್ಕು ಸಾಲು ಎಳೆಯಬೇಕು. "ನಾ ಏನ ರಾಕ್ಷಸಿ ಅಲ್ರಿ," ಎಂದಳು. "ಬಯ್ಯೋವ್ರು ಉಳದವ್ರು. ಬಯ್ಯಿಸ್ಕೊಳ್ಳಾಕಿ ನಾನು."

ಆಗ ನಾನು ಬಾಯಿ ಹಾಕಿದೆ. ಹತ್ತು ವರ್ಷದ ಹಿಂದೆ ಇದೇ ಊರಿಗೆ ಸಮೀಕ್ಷೆಗೆ ಬಂದಿದ್ದೆ. ಬಾಣಂತಿಯೊಬ್ಬಳು ಬದುವಿನ ಮೇಲೆ ಕೂಸಿಗೆ ಹಾಲುಣಿಸುತ್ತ ಕೂತಿದ್ದಳು, ಆಕೆಯ ಸಾಲನ್ನು ಎಡಬಲದವರು ಹಂಚಿಕೊಂಡು ತೆಗೆಯುತ್ತಿದ್ದರು, ನಾನೇ ನೋಡಿದ್ದೇನೆ ಎಂದೆ.

"ಎಲ್ಲಿ ನೋಡೀರೋ ಏನೋ. ಇಲ್ಲಿ ಅಲ್ರಿ," ಎಂದಳು ನೀಲವ್ವ.

ಹಣಮವ್ವ ಎಂಬ ಮುದುಕಿ ಸೊಂಟ ನೆಟ್ಟಗೆ ಮಾಡಿದಳು. "ಇಲ್ಲೇ ಮಾಡ್ತಿದ್ವಿ. ಗುತ್ತಿಗಿ ಬರೂಕಿಂತ ಮೊದಲ, ದಿನಗೂಲಿ ಇದ್ದಾಗ. ನೀಲಾ, ನಿಮ್ಮವ್ವನ ಸಾಲ ನಾನ ಹಿಡದೀನಿ. ನೀ ಹೊಟ್ಟ್ಯಾಗಿದ್ದಿ."

"ಹೊಟ್ಟ್ಯಾಗಿದ್ದಾಗಿಂದು ನನಗ ಹ್ಯಾಂಗ ನೆನಪಿರಬೇಕು ಬೇ ಆಯಿ?"

ಹೊಲ ತುಂಬ ನಗು. ಗುತ್ತಿಗೆ ಬಂದದ್ದು ಯಾವಾಗ ಎಂದು ನಾನು ಕೇಳಿದೆ. ಇಪ್ಪತ್ತು ವರ್ಷವಾದರೂ ಆಯಿತು ಎಂದರು. ಹಾಗಾದರೆ ಹತ್ತು ವರ್ಷದ ಹಿಂದೆ ನಾನು ಅದನ್ನು ಕಣ್ಣಾರೆ ಕಂಡಿರುವುದು ಸಾಧ್ಯವಿರಲಿಲ್ಲ. ಹಣಮವ್ವನಂಥ ಯಾರೋ ಹೇಳಿದ್ದನ್ನು ಕೇಳಿ, ಕಾಲಾಂತರದಲ್ಲಿ ಅದಕ್ಕೊಂದು ಬದು, ಒಂದು ಕೂಸು ಸೇರಿಸಿಕೊಂಡಿರಬೇಕು. ನಾನು ನೋಡಿಲ್ಲ, ಕೇಳಿದ್ದೆನೇನೋ ಎಂದು ಅಲ್ಲಿಯೇ ಒಪ್ಪಿಕೊಂಡೆ.

"ತಪ್ಪಾತು ಅನ್ನೂ ಸಾಹೇಬರು ಇವರ ಮೊದಲನೇದವರು," ಎಂದಳು ನೀಲವ್ವ. ಆದರೆ ಸಾಲಿಗೆ ಮರಳುವಾಗ ಹಣಮವ್ವನನ್ನು ಏನೋ ಕೇಳುತ್ತ ನಡೆದಳು.

ಶನಿವಾರ ರೋಣದ ಸರ್ಕಾರಿ ದವಾಖಾನೆಯಲ್ಲಿ ನಮ್ಮ ಸರದಿ ಬರುವಾಗ ಹನ್ನೆರಡು ಹೊಡೆದಿತ್ತು. ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು. ವೈದ್ಯೆ ಚಿಕ್ಕ ವಯಸ್ಸಿನವರು, ಸಾವಕಾಶವಾಗಿ ತಿಳಿಸಿ ಹೇಳಿದರು. ಚೀಲದಲ್ಲಿ ಸಣ್ಣದೊಂದು ಗಡ್ಡೆ ಇದೆ, ಕ್ಯಾನ್ಸರಿನ ಲಕ್ಷಣ ಕಾಣುತ್ತಿಲ್ಲ, ಮೈಯಲ್ಲಿ ರಕ್ತ ಬಹಳ ಕಡಿಮೆ. ಮೂರು ತಿಂಗಳು ಗುಳಿಗೆ ತೆಗೆದುಕೊಂಡು, ಮುಟ್ಟಾದಾಗ ಮೂರು ದಿನ ವಿಶ್ರಾಂತಿ ಪಡೆಯಬೇಕು. ಕಡಿಮೆಯಾಗದಿದ್ದರೆ ಆಪರೇಷನ್ ಮಾತು ಆಗ ಆಡಬಹುದು. ಆಗಲೂ ನಿರ್ಧಾರ ನಿಮ್ಮದೇ ಎಂದರು.

ಗಂಗವ್ವ ಎದ್ದೇಳಲಿಲ್ಲ. "ಹಂಗಂತ ಬರದು ಕೊಡ್ರಿ."

"ಗುಳಿಗಿ ಚೀಟಿ ಕೊಟ್ಟೀನಲ್ಲವಾ?"

"ಅದಲ್ರಿ. ರಜಾದ್ದು. ನೌಕರಿದಾರರು ಬರಸ್ಕೊಂಡ ಹೋಗ್ತಾರಲ್ರಿ, ಅಂಥಾದ್ದು."

ವೈದ್ಯೆ ಪೆನ್ನು ತೆಗೆದು ಅವಳ ಮುಖ ನೋಡಿದರು. "ಯಾರ ಹೆಸರಿಗೆ ಬರೀಲಿ?"

"ನೀಲವ್ವಗ. ಬೆಳವಣಕಿ."

ವೈದ್ಯೆ ನಗಲಿಲ್ಲ. 'ನೀಲವ್ವ, ಕೂಲಿ ಗ್ಯಾಂಗಿನ ಮುಖ್ಯಸ್ಥರು, ಬೆಳವಣಕಿ, ಇವರಿಗೆ' ಎಂದು ಶುರುಮಾಡಿ, ಮೂರು ದಿನದ ವಿಶ್ರಾಂತಿಯ ಮಾತು ಬರೆದು, ಕೆಳಗೆ ಸಹಿ ಮಾಡಿ, ಸಿಕ್ಕೆ ಒತ್ತಿದರು. ಗಂಗವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಸಂಜೆ ಐದೂವರೆಗೆ ಗ್ಯಾಂಗಿನ ಟಂಟಂ ಹೊಲದಿಂದ ಮರಳಿದಾಗ ನಾವು ಬೆಳವಣಕಿಯ ಬಸ್ ನಿಲ್ದಾಣದ ಕಟ್ಟೆಯ ಬಳಿ ಕಾದಿದ್ದೆವು. ನೀಲವ್ವನಿಗೆ ಓದಲು ಬರುವುದಿಲ್ಲ, ನಾನು ಓದಿದೆ. ಅವಳ ಹೆಸರು ಬಂದಲ್ಲಿ ಇನ್ನೊಮ್ಮೆ ಓದಿಸಿದಳು.

"ಮೂರ ದಿನ ಅಂತ ಬರದಾರೋ, ಇದೂ ನಿಮ್ಮ ನೆನಪಿನ ಮಾತೋ?"

ಫರೀದಾಬಾನು ಚೀಟಿ ಇಸಿದುಕೊಂಡು ಓದಿ, ಬರೆದಿರುವುದು ಖರೆ ಎಂದರು.

"ನನ್ನ ನಡಾನೂ ಹಿಡದೈತಿ. ನಾನೂ ಒಂದ ಚೀಟಿ ತರ್ತೀನಿ," ಎಂದಳು ಗ್ಯಾಂಗಿನ ಕಾಶೀಮಬಿ, ಸೊಂಟ ಒತ್ತಿಕೊಳ್ಳುತ್ತ.

"ಎಲ್ಲಾರೂ ಚೀಟಿ ತರ್ರಿ. ಹೊಲಕ್ಕ ಚೀಟೀನ ಕಳಸೂಣು," ಎಂದಳು ನೀಲವ್ವ.

ಅರ್ಧ ತಾಸು ವಾದ ನಡೆಯಿತು. ಕೊನೆಗೆ ಆದ ತೀರ್ಮಾನ ಇಷ್ಟು: ಮುಟ್ಟಿನ ತ್ರಾಸಿನವಳು, ಬಸುರಿ, ಬಾಣಂತಿ ಬರದಿದ್ದರೆ ಆಕೆಯ ಸಾಲು ಎಡದವಳಿಗೆ ಅರ್ಧ, ಬಲದವಳಿಗೆ ಅರ್ಧ. ಟಂಟಂನ ಜಾಗವನ್ನು ಬೇರೆಯವರಿಗೆ ಕೊಡುವಂತಿಲ್ಲ. ಮೂರು ತಿಂಗಳು ಮಾಡಿ ನೋಡುವುದು. ಬರದವಳಿಗೆ ಆ ದಿನದ ಪಾಲು ಕೊಡಬೇಕೋ ಬೇಡವೋ ಎಂಬುದು ಮಾತ್ರ ಬಗೆಹರಿಯಲಿಲ್ಲ. ಸುಗ್ಗಿಯ ಅವಸರದಲ್ಲಿ ಇದು ಎಷ್ಟು ದಿನ ನಿಂತೀತು ಎಂದು ನನಗೆ ಈಗಲೂ ಅನುಮಾನವಿದೆ. ಪಾಲಿಲ್ಲದ ರಜೆ ಅರ್ಧ ರಜೆ ಎಂದು ಫರೀದಾಬಾನು ಅಂದರು. ಅದರಲ್ಲಿ ಅನುಮಾನವಿಲ್ಲ.

ಗಂಗವ್ವ ಅಲ್ಲಿಂದಲೇ ಖಾಸಗಿ ದವಾಖಾನೆಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿ ಗಂಡಸಿನ ದನಿ ಎಲ್ಲರಿಗೂ ಕೇಳಿಸಿತು: "ನಿಮ್ಮ ಯಜಮಾನ್ರ ಕೈಯಾಗ ಕೊಡ್ರಿ."

ಯಜಮಾನ ಮಲ್ಲಪ್ಪ ಕಟ್ಟೆಯ ಮೇಲೆಯೇ ಕೂತಿದ್ದ, ಕೈ ಚಾಚಿದ. ಅವಳು ಫೋನು ಕೊಡಲಿಲ್ಲ.

"ಹೊಟ್ಟಿ ಅವರದಲ್ರಿ, ನಂದು. ನನ್ನ ಕೂಡ ಮಾತಾಡ್ರಿ. ಸೋಮವಾರದ್ದು ನನ್ನ ಹೆಸರ ತಗೀರಿ."

ಮಲ್ಲಪ್ಪ ಚಾಚಿದ ಕೈಯಿಂದ ಮೀಸೆ ತಿರುವಿಕೊಂಡ.

ಗದಗಿನ ಬಸ್ಸು ಬಂತು. ಫರೀದಾಬಾನು ರಾತ್ರಿ ಅಲ್ಲಿಯೇ ಉಳಿಯುತ್ತೇನೆಂದರು. ನಾನು ಹತ್ತಿ ಹಿಂದಿನ ಕಿಟಕಿಯಿಂದ ನೋಡಿದೆ. ಗಂಗವ್ವ ನೀಲವ್ವನ ದಾರಿಗೆ ಅಡ್ಡ ನಿಂತು, ಬೆರಳು ಮಡಚುತ್ತ, ತನ್ನ ಮೂರು ದಿನದ ಪಾಲಿನ ಮಾತನ್ನು ಮತ್ತೆ ಮೊದಲಿನಿಂದ ತೆಗೆದಿದ್ದಳು.